ಪೂಜೆಯ ದ್ರಾಕ್ಷಾರಸವೂ ಮನೆಯ ಭರಣಿಯ ವೈನೂ ಒಂದೇ ಅಲ್ಲ

ಓದುಗರ ಪ್ರಶ್ನೆ: ಚರ್ಚಿನ ಪೂಜೆಯಲ್ಲಿ ಬಳಸುವುದು ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಹೋಂಮೇಡ್ ವೈನನ್ನೇ? ದೇವರ ಮುಂದೆ ಎಲ್ಲರೂ ಅದನ್ನು ಕುಡಿಯುವುದೇಕೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಧರ್ಮೋಪದೇಶದ ತರಗತಿಯ ಮಕ್ಕಳು ಕೇಳುತ್ತಾರೆ, ಮದುವೆಯ ಪೂಜೆಗೆ ಬಂದ ನೆರೆಹೊರೆಯವರು ಕೇಳುತ್ತಾರೆ, ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ರೈಟರೂ ಒಮ್ಮೆ ಕೇಳಿದ್ದರು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಉತ್ತರ ಕೇಳಿ ತಲೆದೂಗಿದವರೇ ಮುಂದಿನ ಕ್ರಿಸ್‌ಮಸ್ಸಿಗೆ ಮತ್ತೆ ಅದೇ ಮಾತು ತೆಗೆದಾಗ ಮಾತ್ರ ಬೇಸರವಾಗುತ್ತದೆ. ಆದ್ದರಿಂದ ಈ ಬಾರಿ ಕೊಂಚ ವಿವರವಾಗಿಯೇ ಬರೆಯುತ್ತೇನೆ.

ಹೋಂಮೇಡ್ ವೈನ್ ಪೂಜೆಗೆ ಸಲ್ಲುವುದಿಲ್ಲ. ನಮ್ಮ ಮನೆಯಲ್ಲೂ ಹಬ್ಬಕ್ಕೆ ವೈನ್ ಹಾಕುತ್ತೇವೆ. ಕಪ್ಪು ದ್ರಾಕ್ಷಿಯನ್ನು ತೊಳೆದು, ನೀರಾರಿಸಿ, ಭರಣಿಯಲ್ಲಿ ಹಿಸುಕಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ನಾಲ್ಕಾರು ಲವಂಗ, ಚಕ್ಕೆ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿಟ್ಟು, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುತ್ತೇವೆ. 21 ದಿನ ಕಳೆದ ಮೇಲೆ ಸೋಸಿ, ಬಣ್ಣಕ್ಕೆಂದು ಸುಟ್ಟ ಸಕ್ಕರೆಯ ಪಾಕ ಬೆರೆಸುತ್ತೇವೆ. ಕೇಕಿನ ಜೊತೆಗೆ ಅದು ಬಲು ರುಚಿ. ಆದರೆ 1983ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯ ಪ್ರಕಾರ, ಪೂಜೆಯ ದ್ರಾಕ್ಷಾರಸವು ದ್ರಾಕ್ಷಿಬಳ್ಳಿಯ ಹಣ್ಣಿನಿಂದಲೇ ಬಂದ ಸಹಜ ರಸವಾಗಿರಬೇಕು ಮತ್ತು ಕೆಟ್ಟಿರಬಾರದು. ಕೊಂಚ ನೀರಿನ ಹೊರತು ಅದಕ್ಕೆ ಬೇರೆ ಪದಾರ್ಥಗಳನ್ನು ಬೆರೆಸುವಂತಿಲ್ಲ. ಸಕ್ಕರೆ, ಗೋಧಿ, ಮಸಾಲೆಗಳೆಲ್ಲ ಬಿದ್ದ ನಮ್ಮ ಭರಣಿಯ ವೈನು ಇದರಿಂದಲೇ ಹೊರಗುಳಿಯಿತು. ಇನ್ನು ಪ್ಯಾಷನ್ ಫ್ರೂಟ್, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ ಎಂದು ಚೀಟಿ ಅಂಟಿಸಿ ಪ್ರವಾಸಿಗರಿಗೆ ಮಾರುವ ಬಾಟಲಿಗಳ ಮಾತೇ ಬರುವುದಿಲ್ಲ.

ಎಲ್ಲರೂ ಕುಡಿಯುತ್ತಾರೆ ಎಂಬುದು ಇನ್ನೂ ಗಟ್ಟಿಯಾಗಿ ಬೇರೂರಿದ ತಪ್ಪು ತಿಳಿವಳಿಕೆ. ಒಂದು ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಸಾಲಿನಲ್ಲಿ ಮುಂದೆ ಹೋಗುವ ಭಕ್ತರ ಅಂಗೈಯಲ್ಲೋ ನಾಲಿಗೆಯ ಮೇಲೋ ಗುರುಗಳು ಇಡುವುದು ಕಾಗದದಷ್ಟು ತೆಳುವಾದ ಬಿಳಿಯ ರೊಟ್ಟಿಯ ಬಿಲ್ಲೆಯನ್ನು ಮಾತ್ರ. ಪಾನಪಾತ್ರೆಯಲ್ಲಿರುವುದು ಒಂದೆರಡು ಗುಟುಕು. ಸಾಮಾನ್ಯ ದಿನಗಳಲ್ಲಿ ಅದನ್ನು ಸೇವಿಸುವವರು ಗುರುಗಳು. ಭಕ್ತರಿಗೂ ರಸವನ್ನು ಕೊಡುವ ವಿಶೇಷ ಸಂದರ್ಭಗಳಲ್ಲಿ ಸಾಮಾನ್ಯವಾಗಿ ರೊಟ್ಟಿಯ ಅಂಚನ್ನು ಅದರಲ್ಲಿ ಅದ್ದಿ ಕೊಡುತ್ತಾರೆ. ಅಮಲಿನ ಅಪವಾದ ಹೊರಿಸುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಪ್ರಭುವಿನ ಭೋಜನಕ್ಕೆ ಸೇರಿದಾಗ ಕೆಲವರು ಹಸಿದಿದ್ದರೆ ಕೆಲವರು ಕುಡಿದು ಮತ್ತರಾಗುತ್ತಿದ್ದ ಕೊರಿಂಥದ ಸಭೆಯನ್ನು ಸಂತ ಪೌಲನು ಮೊದಲನೆಯ ಶತಮಾನದಲ್ಲಿಯೇ ಕಟುವಾಗಿ ಗದರಿಸಿ ಪತ್ರ ಬರೆದಿದ್ದಾನೆ. ಮದ್ಯ ಸೇವಿಸಲಾಗದ ಗುರುಗಳಿಗೆ, ಹುದುಗು ಮೊದಲಾಗುತ್ತಲೇ ತಡೆದ ದ್ರಾಕ್ಷಿರಸವನ್ನು ಬಳಸಲು ಧರ್ಮಸಭೆ ಅನುಮತಿ ಕೊಡುತ್ತದೆ. ಅಮಲೇ ಉದ್ದೇಶವಾಗಿದ್ದರೆ ಇಂಥ ಅನುಮತಿಗೆ ಅರ್ಥವೇ ಇರುತ್ತಿರಲಿಲ್ಲ.

ಕಾರೋಣರಿಗೆ, ಅಂದರೆ ಕುಟುಂಬದ ಮೂಲಪುರುಷರಿಗೆ, ಮೀದಿ ಎಂಬ ಎಡೆ ಇಡುವಾಗ ಮದ್ಯವನ್ನೂ ಇಡುವ ನಾಡಿನಲ್ಲಿ ಈ ಎರಡನ್ನು ಹೋಲಿಸಿ ನೋಡುವುದು ಸಹಜ. ಅದು ಹಿರಿಯರಿಗೆ ಸಲ್ಲಿಸುವ ಗೌರವ. ಅದರ ಗಾಂಭೀರ್ಯವನ್ನು ನಾನು ಬಲ್ಲೆ. ಪೂಜೆಯ ದ್ರಾಕ್ಷಾರಸ ಬೇರೆಯದು. ಅದು ಯೇಸು ತನ್ನ ಕೊನೆಯ ಭೋಜನದಲ್ಲಿ ಪಾತ್ರೆಯನ್ನು ಎತ್ತಿಕೊಂಡು, ಇದು ನನ್ನ ರಕ್ತ ಎಂದು ಶಿಷ್ಯರಿಗೆ ಕೊಟ್ಟದ್ದರ ಮುಂದುವರಿಕೆ. ಕ್ಯಾಥೊಲಿಕರಾದ ನಮಗೆ ಸಂಕೇತ ಎಂಬ ಪದವೂ ಇಲ್ಲಿ ಸಾಲದು. ಆ ರೊಟ್ಟಿಯೂ ರಸವೂ ಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆ ಎಂಬುದು ನಮ್ಮ ವಿಶ್ವಾಸ. ರಸಕ್ಕೆ ಗುರುಗಳು ಹನಿಸುವ ಒಂದೆರಡು ತೊಟ್ಟು ನೀರನ್ನು ಗಮನಿಸಿ. ಬೆರೆತ ಮೇಲೆ ಆ ನೀರನ್ನು ಯಾರೂ ಬೇರ್ಪಡಿಸಲಾರರು. ಮನುಷ್ಯ ಕ್ರಿಸ್ತನೊಂದಿಗೆ ಹಾಗೆ ಒಂದಾಗಲಿ ಎಂಬುದು ಅಲ್ಲಿನ ಪ್ರಾರ್ಥನೆ.

ಹಾಗಾದರೆ ಅಕ್ಕಿ ರೊಟ್ಟಿ ಏಕಾಗದು ಎಂದು ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದ್ದಳು. ಆ ಪ್ರಶ್ನೆ ನನಗೆ ಹೆಮ್ಮೆ ತಂದಿತು. ನಮ್ಮ ಗದ್ದೆಗಳಲ್ಲಿ ಬೆಳೆಯುವುದು ಭತ್ತ, ಸುಗ್ಗಿಯ ಹಬ್ಬವಾದ ಪುತ್ತರಿಗೆ ಮನೆಗೆ ಬರುವುದು ಭತ್ತದ ಕದಿರು. ಆದರೂ ಯೇಸು ಕೈಗೆತ್ತಿಕೊಂಡ ರೊಟ್ಟಿಗೆ ನಿಷ್ಠವಾಗಿ ಉಳಿಯಬೇಕೆಂದು ಗೋಧಿಯನ್ನೇ ಬಳಸುತ್ತಾರೆ: ಗೋಧಿ ಹಿಟ್ಟು, ನೀರು, ಬೇರೇನೂ ಇಲ್ಲ. ಬೆಟ್ಟಗಳ ಮೇಲೆ ಚದುರಿದ್ದ ಕಾಳುಗಳು ಕೂಡಿ ಒಂದು ರೊಟ್ಟಿಯಾದಂತೆ ನಿನ್ನ ಸಭೆಯೂ ಒಂದಾಗಲಿ ಎಂದು ಆದಿ ಕ್ರೈಸ್ತರು ಪ್ರಾರ್ಥಿಸುತ್ತಿದ್ದರು. ಒಂದೇ ಇಗರ್ಜಿಯಲ್ಲಿ ಕನ್ನಡ, ಕೊಂಕಣಿ, ಮಲಯಾಳಂ, ತಮಿಳು ಮಾತನಾಡುವವರು ಕೂಡುವ ಈ ಬೆಟ್ಟದ ಜಿಲ್ಲೆಯಲ್ಲಿ ಆ ಪ್ರಾರ್ಥನೆ ನನ್ನನ್ನು ಪ್ರತಿ ಸಲವೂ ತಟ್ಟುತ್ತದೆ. ಎಲ್ಲ ಸಭೆಗಳ ಪದ್ಧತಿಯೂ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಹುದುಗು ಬರಿಸಿದ ರೊಟ್ಟಿಯಿದೆ. ಹಲವು ಪ್ರೊಟೆಸ್ಟಂಟ್ ಸಭೆಗಳಲ್ಲಿ ಹುದುಗದ ದ್ರಾಕ್ಷಿರಸವನ್ನು ಪುಟ್ಟ ಲೋಟಗಳಲ್ಲಿ ಎಲ್ಲರಿಗೂ ಕೊಡುತ್ತಾರೆ.

ಎಣ್ಣೆಯ ವಿಷಯವನ್ನು ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ಕ್ರಿಸ್ತ ಎಂಬ ಪದಕ್ಕೆ ಅಭಿಷಿಕ್ತ, ಅಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು ಎಂದೇ ಅರ್ಥ. ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿರುವುದರಿಂದ, ಪ್ರತಿವರ್ಷ ಈಸ್ಟರಿಗೆ ಮೊದಲು ಅಲ್ಲಿನ ಧರ್ಮಾಧ್ಯಕ್ಷರು (ಬಿಷಪ್) ಆಶೀರ್ವದಿಸಿದ ಮೂರು ಬಗೆಯ ಎಣ್ಣೆ ಘಟ್ಟ ಹತ್ತಿ ನಮ್ಮಲ್ಲಿಗೆ ಬರುತ್ತದೆ: ಜ್ಞಾನಸ್ನಾನಕ್ಕೆ ಸಿದ್ಧರಾಗುವ ದೀಕ್ಷಾರ್ಥಿಗಳದು, ರೋಗಿಗಳದು, ಸುಗಂಧ ಬೆರೆತ ಅಭಿಷೇಕ ತೈಲ. ರೊಟ್ಟಿ ಮತ್ತು ರಸದ ವಿಷಯದಲ್ಲಿ ಅಷ್ಟು ಬಿಗಿಯಾಗಿರುವ ಧರ್ಮಸಭೆ ಇಲ್ಲಿ ಮಾತ್ರ ಕೈ ಸಡಿಲಿಸಿದೆ. ರೋಗಿಗಳ ಅಭ್ಯಂಗಕ್ಕೆ ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯಜನ್ಯ ಎಣ್ಣೆಯೂ ಆಗುತ್ತದೆಂದು 6ನೆಯ ಪೌಲ್ ಜಗದ್ಗುರುಗಳು (ಪೋಪ್) 1972ರಲ್ಲಿ ವಿಧಿಸಿದರು. ಅಂದರೆ ನಮ್ಮ ತೆಂಗಿನೆಣ್ಣೆಯೂ ಸಲ್ಲುತ್ತದೆ.

ಕಳೆದ ಮಳೆಗಾಲದಲ್ಲಿ ಕಾಯಿಲೆ ಬಿದ್ದಿದ್ದ ನಮ್ಮ ನೆರೆಮನೆಯ ಅಜ್ಜಿಯ ಹಣೆಗೂ ಎರಡು ಅಂಗೈಗಳಿಗೂ ಗುರುಗಳು ಹೆಬ್ಬೆರಳಿನಿಂದ ಎಣ್ಣೆ ಹಚ್ಚಿದರು. ಪುಟ್ಟ ಲೋಹದ ಡಬ್ಬಿಯಲ್ಲಿ, ಹತ್ತಿಯ ಮೇಲೆ ಜಿನುಗಿ ನಿಂತಿದ್ದ ಎಣ್ಣೆ ಅದು. ಎಣ್ಣೆ ಹಚ್ಚಿದರೆಂದರೆ ಸಾವು ಬಂತೆಂದು ಹೆದರಿದ್ದ ಅವರ ಮಗಳನ್ನು ಕೂರಿಸಿಕೊಂಡು, ಇದು ರೋಗಿಗೆ ಬಲ ಬೇಡುವ ಸಂಸ್ಕಾರ, ಮತ್ತೆ ಕಾಯಿಲೆ ಬಂದರೆ ಮತ್ತೆ ಪಡೆಯಬಹುದು ಎಂದು ನಾನು ಹೇಳಬೇಕಾಯಿತು. ಅಜ್ಜಿ ಈಗ ಅಂಗಳದಲ್ಲಿ ಕುಳಿತು ಕಾಳುಮೆಣಸು ಒಣಗಿಸುತ್ತಿದ್ದಾರೆ.