ಗಂಟಲು ನೋವಿಗೆ ಮೆಡಿಕಲ್‌ನಿಂದ ಅಜಿತ್ರೋಮೈಸಿನ್ ತರಬಹುದೇ?

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಎರಡು ದಿನದಿಂದ ಗಂಟಲು ನೋವು, ಕೆಮ್ಮು, ನೆಗಡಿ. ಡಾಕ್ಟರು ಪ್ಯಾರಾಸಿಟಮಾಲ್ ಮಾತ್ರ ಬರೆದುಕೊಟ್ಟರು. ಪಕ್ಕದ ಮನೆಯವರು ಮೆಡಿಕಲ್‌ನಿಂದ ಮೂರು ದಿನದ ಅಜಿತ್ರೋಮೈಸಿನ್ ತನ್ನಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಡೊಂಬಿವಲಿ

ಉತ್ತರ: ತರಬೇಡಿ. ನಿಮ್ಮ ಡಾಕ್ಟರು ಮಾಡಿದ್ದೇ ಸರಿ. ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುತ್ತದೆ, ಅದಕ್ಕೆ ಅಜಿತ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ನಾಟುವುದೇ ಇಲ್ಲ. ಜೊತೆಗೆ ಕೆಮ್ಮು, ನೆಗಡಿ ಇದ್ದರಂತೂ ವೈರಸ್ಸೇ ಇರುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ವಾರದೊಳಗೆ ತಾನಾಗಿ ಇಳಿಯುತ್ತದೆ.

ಆದರೂ ನಿಮ್ಮ ಆತಂಕ ಸುಳ್ಳಲ್ಲ. 5ರಿಂದ 15 ವರ್ಷದ ಮಕ್ಕಳ ಗಂಟಲಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಳ್ಳುವುದುಂಟು. ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ಬಳಿಕ ರುಮ್ಯಾಟಿಕ್ ಜ್ವರ ಬರುತ್ತದೆ. ಬ್ಯಾಕ್ಟೀರಿಯಾದ ವಿರುದ್ಧ ದೇಹ ಹೂಡಿದ ಹೋರಾಟ ತನ್ನದೇ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ತಿರುಗಿಬೀಳುತ್ತದೆ. ಒಂದೇ ಖೋಲಿಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ ಈ ಬ್ಯಾಕ್ಟೀರಿಯಾ ಬೇಗ ಹರಡುತ್ತದೆ. ಬಾಲ್ಯದಲ್ಲಿ ಕೆಟ್ಟ ಕವಾಟ ಎಷ್ಟೋ ಹೆಣ್ಣುಮಕ್ಕಳಲ್ಲಿ ಬಸಿರಾದಾಗಲೇ, ಏದುಸಿರು ಹತ್ತಿದಾಗಲೇ ಗೊತ್ತಾಗುವುದು. ತಡೆಯಬಹುದಾಗಿದ್ದ ಕಾಯಿಲೆಯಿದು ಎಂಬುದೇ ಹೆಚ್ಚು ನೋವಿನ ಸಂಗತಿ.

ಹಾಗಾಗಿ ಗಮನಿಸುತ್ತಿರಿ: ಕೆಮ್ಮು ಇಲ್ಲದೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಊದಿದ ಟಾನ್ಸಿಲ್ ಮೇಲೆ ಬಿಳಿ ಕೀವು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು. ಇವು ಕಂಡರೆ ಮತ್ತೆ ಅದೇ ಡಾಕ್ಟರ ಬಳಿ ಹೋಗಿ. ತಡವಾಯಿತೆಂದು ಹೆದರಬೇಡಿ. ನೋವು ಶುರುವಾಗಿ 9 ದಿನದೊಳಗೆ ಮದ್ದು ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಎರಡು ದಿನ ಕಾದು ನೋಡಲು ಡಾಕ್ಟರಿಗೆ ಧೈರ್ಯ ಕೊಡುವುದು ಇದೇ.

ಆಗ ಬರೆಯುವುದೂ ಸಾಮಾನ್ಯವಾಗಿ ಪೆನಿಸಿಲಿನ್ ಇಲ್ಲವೇ ಅಮಾಕ್ಸಿಸಿಲಿನ್, 10 ದಿನಕ್ಕೆ. ಮೂರನೇ ದಿನ ನೋವು ಹೋದರೂ ನಿಲ್ಲಿಸಬಾರದು. ಅಜಿತ್ರೋಮೈಸಿನ್ ಇಲ್ಲಿ ಪೆನಿಸಿಲಿನ್ ಅಲರ್ಜಿ ಇರುವವರಿಗೆ. ಟೈಫಾಯಿಡ್‌ಗೆ ನಮ್ಮಲ್ಲಿ ಇನ್ನೂ ಕೆಲಸ ಮಾಡುವ ಕೆಲವೇ ಗುಳಿಗೆಗಳಲ್ಲಿ ಅದೂ ಒಂದು. ನೆಗಡಿಗೆಲ್ಲ ನುಂಗಿ, ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂತೆ ಮಾಡಿಕೊಂಡರೆ ನಾಳೆ ಟೈಫಾಯಿಡ್ ಜ್ವರದಲ್ಲಿ ಬಿದ್ದ ಮಗುವಿಗೆ ಏನು ಕೊಡುವುದು? ಚೀಟಿಯಿಲ್ಲದೆ ಅದನ್ನು ಮಾರುವುದು ಕಾನೂನಿಗೂ ವಿರುದ್ಧ.

ಸದ್ಯಕ್ಕೆ ಬೆಚ್ಚಗಿನ ಗಂಜಿ, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರಾಡಲು ಕಷ್ಟವಾದರೆ ಮಾತ್ರ ಬೆಳಗಾಗುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.