ನೋವು ನಿಂತರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತಾ?

ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ಗಸಗಸೆ ಪಾಯಸ ಮಾಡಿದ್ದರು. ಎರಡು ಲೋಟ ಕುಡಿದು ಜಗಲಿಯಲ್ಲಿ ಅಡ್ಡಾಗಿದ್ದ ಮಾವ ಕೇಳಿದರು, ‘ಅಫೀಮು ಹಾರ್ಟಿಗೆ ಒಳ್ಳೇದಂತೆ, ಹೌದನಾ ಮಾರಾಯ?’ ವಾಟ್ಸಾಪ್‌ನಲ್ಲಿ ಬಂದಿತ್ತಂತೆ.

ಗಸಗಸೆ, ಅಫೀಮು ಎರಡೂ ಒಂದೇ ಗಿಡದ್ದು, ನಿಜ. ಆದರೆ ಅಫೀಮು ಅಂದರೆ ಎಳೆ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು. ನೋವು ಮರೆಸುವ ಮಾರ್ಫಿನ್ ಇರೋದು ಅದರಲ್ಲಿ. ಬೀಜದಲ್ಲಿ ತೀರಾ ಕಡಿಮೆ. ಪಾಯಸಕ್ಕೆ ಹೆದರಬೇಕಿಲ್ಲ.

ಮಾವನ ಮಾತು ಇರಾನಿನಲ್ಲಿ ಹಳೇ ನಂಬಿಕೆ. ಅಲ್ಲಿ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಅಫೀಮು ತಗೊಳ್ಳುವವರಿದ್ದಾರೆ. ಅಲ್ಲಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅಫೀಮು ಸೇವಿಸುವವರು ಸಾಯುವ ಅಪಾಯ ಉಳಿದವರಿಗಿಂತ ಶೇ 86ರಷ್ಟು ಜಾಸ್ತಿ ಇತ್ತು, ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವುಗಳೂ ಜಾಸ್ತಿ. ಕಾಯಿಲೆ ಬಂದಿದ್ದಕ್ಕೇ ಅಫೀಮು ಹಿಡಿದಿರಬಹುದಲ್ವಾ ಅಂತ ನನಗೂ ಅನ್ನಿಸಿತ್ತು. ಅಂಥವರನ್ನು ಬಿಟ್ಟು ಲೆಕ್ಕ ಹಾಕಿದರೂ ಅಪಾಯ ಹಾಗೇ ಉಳಿಯಿತು.

ಹಾಗಾದರೆ ನಂಬಿಕೆ ಹುಟ್ಟಿದ್ದಾದರೂ ಹೇಗೆ? ನೋವಿನಿಂದ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಎದೆ ಹಿಂಡುತ್ತದೆ, ಅಫೀಮು ತಗೊಂಡರೆ ಆ ನೋವು ಮಿದುಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಹೆಪ್ಪು ಮಾತ್ರ ಇದ್ದಲ್ಲೇ ಇರುತ್ತದೆ. ರಕ್ತ ಪೂರ್ತಿ ನಿಂತರೆ ಹೆಚ್ಚುಕಮ್ಮಿ ಅರ್ಧ ಗಂಟೆಯಲ್ಲಿ ಹೃದಯದ ಮಾಂಸಖಂಡ ಸಾಯಲು ಶುರು, ಆಮೇಲೆ ಗಂಟೆ ಕಳೆದಂತೆ ಸತ್ತ ಭಾಗ ದೊಡ್ಡದಾಗುತ್ತಲೇ ಹೋಗುತ್ತದೆ. ನೋವಿಲ್ಲದವನು ಆಸ್ಪತ್ರೆಗೆ ಯಾಕೆ ಹೊರಡುತ್ತಾನೆ ಹೇಳಿ?

ಆಸ್ಪತ್ರೆಯಲ್ಲೂ ಮಾರ್ಫಿನ್ ಕೊಡುತ್ತಾರಲ್ಲ ಅಂದರು ಮಾವ. ಕೊಡುತ್ತಾರೆ, ಆದರೆ ಇಸಿಜಿ ನೋಡಿಕೊಂಡು, ನೋವು ತೀರಾ ಜಾಸ್ತಿ ಇದ್ದಾಗ. ಅದಕ್ಕೂ ಒಂದು ತೊಡಕಿದೆ. ಮಾರ್ಫಿನ್ ಹೊಟ್ಟೆಯ ಕೆಲಸ ನಿಧಾನ ಮಾಡುತ್ತದೆ, ಹಾಗಾಗಿ ಹೆಪ್ಪು ಬೆಳೆಯದಿರಲಿ ಅಂತ ನುಂಗಿಸಿದ ಮಾತ್ರೆ ರಕ್ತಕ್ಕೆ ಸೇರುವುದೇ ತಡವಾಗುತ್ತದೆ.

ತೀರ್ಥಹಳ್ಳಿಯಿಂದ ದೊಡ್ಡಾಸ್ಪತ್ರೆ ಇರುವ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಒಳಗಿನ ಹಳ್ಳಿಯವರಿಗೆ ಇನ್ನೂ ದೂರ. ಆಸ್ಪತ್ರೆಗೆ ಹೊರಡದಂತೆ ತಡೆಯುವ ಅಫೀಮಿನ ಕೆಲಸವನ್ನು ಇಲ್ಲಿ ಎದೆನೋವಿಗೆ ‘ಗ್ಯಾಸ್’ ಅನ್ನೋ ಮಾತೇ ಮಾಡುತ್ತದೆ ಅಂತ ನನ್ನ ಅನಿಸಿಕೆ. ಕಳೆದ ಮಳೆಗಾಲದಲ್ಲಿ ಎದೆ ಹಿಡಿದುಕೊಂಡಾಗ ಮಾವ ಜೀರಿಗೆ ಕಷಾಯ ಕುಡಿದು ಬೆಳಗಾಗುವವರೆಗೆ ಸುಮ್ನೆ ಕೂತಿದ್ದರು. ಪುಣ್ಯಕ್ಕೆ ಗ್ಯಾಸೇ ಆಗಿತ್ತು. ಗೊತ್ತಾಗಿದ್ದು ಮಾತ್ರ ಮರುದಿನ ಇಸಿಜಿ ಮಾಡಿಸಿದ ಮೇಲೆ.