ಎರಡು ದಿನದ ಘಟ್ಟದ ಪ್ರವಾಸಕ್ಕೆ ಒಂದೇ ನದಿ ಸಾಕು

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಸೋಮವಾರ ಬೆಳಿಗ್ಗೆ ಕಚೇರಿ ಸೇರಬೇಕೆನ್ನುವವರು ಪ್ರವಾಸ ಏರ್ಪಡಿಸುವ ನಮಗೆ ಕಳುಹಿಸುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯ ರ‍್ಯಾಫ್ಟಿಂಗ್, ಯಾಣ, ಉಂಚಳ್ಳಿ ಜಲಪಾತ, ಗೋಕರ್ಣ, ಸಾಧ್ಯವಾದರೆ ಜೋಗ, ಇಷ್ಟೂ ಇರುತ್ತವೆ. ನಕ್ಷೆಯಲ್ಲಿ ಎಲ್ಲವೂ ಅಕ್ಕಪಕ್ಕದಲ್ಲಿಯೇ ಕಾಣುವುದರಿಂದ ಆಸೆ ಸಹಜವಾದದ್ದೇ. ಆದರೆ ದಾಂಡೇಲಿಯಿಂದ ಶಿರಸಿಗೆ ಸುಮಾರು ನೂರು ಕಿಲೋಮೀಟರ್, ಅಲ್ಲಿಂದ ಘಟ್ಟ ಇಳಿದು ಕುಮಟಾ ತಲುಪಲು ಮತ್ತೆ ಅರವತ್ತು ಕಿಲೋಮೀಟರ್ ಆಗುತ್ತದೆ. ತಿರುವುಗಳಿಂದಲೇ ತುಂಬಿದ ಈ ದಾರಿಯಲ್ಲಿ ಹೊಟ್ಟೆ ತೊಳಸಿಕೊಂಡು ಬಂದ ಮಕ್ಕಳನ್ನು ಅದೇ ಸಂಜೆ ಕಾಡಿನಲ್ಲಿ ನಡೆಸುವುದು ನ್ಯಾಯವಲ್ಲ.

ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನಾಲ್ಕೂ ಪಶ್ಚಿಮಕ್ಕೆ ಹರಿದು ಕಡಲು ಸೇರುವ ನದಿಗಳು. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ನಡುವಿನ ಗುಡ್ಡಸಾಲನ್ನು ಸುತ್ತಿ ಬಳಸಿ ದಾಟುವುದೇ ಆಗಿದೆ. ಆದ್ದರಿಂದ ಎರಡು ದಿನಕ್ಕೆ ಒಂದೇ ನದಿಯನ್ನು ಆರಿಸಿಕೊಳ್ಳಿ, ಒಂದೇ ಕಡೆ ತಂಗಿರಿ, ಉಳಿದ ಮೂರನ್ನು ಮತ್ತೊಮ್ಮೆ ಬರಲು ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಸಾಹಸವೇ ಮುಖ್ಯವೆನ್ನುವವರಿಗೆ ಕಾಳಿ ಕಣಿವೆ ಸರಿ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇರುವುದರಿಂದ, ಬೇಸಿಗೆಯಲ್ಲಿ ಜಿಲ್ಲೆಯ ಹಳ್ಳಕೊಳ್ಳಗಳೆಲ್ಲ ಬತ್ತಿದಾಗಲೂ ಅದರ ಕೆಳಗಿನ ಹರಿವಿನಲ್ಲಿ ರ‍್ಯಾಫ್ಟ್ ತೇಲುವಷ್ಟು ನೀರು ಸಿಗುತ್ತದೆ. ಆದರೆ ಈ ನೀರು ಬರುವುದು ವಿದ್ಯುತ್ ಉತ್ಪಾದನೆಯ ಲೆಕ್ಕದಲ್ಲಿಯೇ ಹೊರತು ಪ್ರವಾಸಿಗರ ಅನುಕೂಲಕ್ಕೆ ತಕ್ಕಂತೆ ಅಲ್ಲ. ಹೊರಡುವ ಹಿಂದಿನ ದಿನ ನೀರು ಬಿಡುವ ಹೊತ್ತನ್ನು ಆಯೋಜಕರಿಂದ ಕೇಳಿ ತಿಳಿದುಕೊಂಡು, ಉಳಿದ ಕಾರ್ಯಕ್ರಮವನ್ನು ಅದರ ಸುತ್ತ ಹೊಂದಿಸಬೇಕು. ಇದೇ ಕಾರಣಕ್ಕೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಅಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಕುಳಿತಿದ್ದವರ ಸುತ್ತ ನೀರು ಏರಿಬಿಡಬಹುದು. ಸ್ಥಳೀಯರನ್ನು ಕೇಳದೆ ಅಲ್ಲಿ ಯಾರೂ ನದಿಗೆ ಇಳಿಯಬಾರದು.

ರ‍್ಯಾಫ್ಟ್ ಹತ್ತುವ ಮೊದಲು ಲೈಫ್ ಜಾಕೆಟ್ಟಿನ ಬಕಲ್‌ಗಳನ್ನು ಬಿಗಿದು, ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಲು ಜೊತೆಯವರಿಗೆ ಹೇಳಿ. ಜಾಕೆಟ್ ಕಿವಿಯವರೆಗೆ ಏರಿ ಬಂದರೆ ಅದು ಸಡಿಲವಾಗಿದೆ ಎಂದರ್ಥ, ನೀರಿನಲ್ಲಿ ಅದು ತಲೆಯಿಂದಲೇ ಕಳಚಿಹೋಗಬಹುದು. ಮಕ್ಕಳಿಗೆ ದೊಡ್ಡವರ ಅಳತೆಯ ಜಾಕೆಟ್ ತೊಡಿಸಿ ‘ನಡೆಯುತ್ತದೆ’ ಎನ್ನುವವರಿದ್ದರೆ ಅಲ್ಲಿಂದಲೇ ಹಿಂದಿರುಗಿ. ರ‍್ಯಾಫ್ಟಿನಲ್ಲಿ ಎಷ್ಟು ಜನರಿಗೆ ಜಾಗವಿದೆಯೋ ಅದಕ್ಕಿಂತ ಒಬ್ಬರನ್ನೂ ಹೆಚ್ಚು ಕೂರಿಸಲು ಒಪ್ಪಬೇಡಿ. ನೀರಿಗೆ ಬಿದ್ದರೆ ಎದ್ದು ನಿಲ್ಲುವ ಪ್ರಯತ್ನ ಮಾಡಲೇಬಾರದು. ಸೆಳೆತದಲ್ಲಿ ಬಂಡೆಗಳ ಸಂದಿಗೆ ಕಾಲು ಸಿಕ್ಕಿಕೊಂಡರೆ ಸೊಂಟದ ಮಟ್ಟದ ನೀರೂ ಮನುಷ್ಯನನ್ನು ಮುಳುಗಿಸಬಲ್ಲದು. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ನೀರಿನ ಮೇಲ್ಮಟ್ಟಕ್ಕೆ ಎತ್ತಿಟ್ಟುಕೊಂಡು, ಮಾರ್ಗದರ್ಶಕರು ಎಸೆಯುವ ಹಗ್ಗಕ್ಕಾಗಿ ಕಾಯಬೇಕು. ಈಜು ಬಲ್ಲೆನೆಂಬ ಧೈರ್ಯ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ನಡೆಯುವುದನ್ನು ಇಷ್ಟಪಡುವವರು ಶಿರಸಿ ಅಥವಾ ಸಿದ್ದಾಪುರದ ಕಡೆ ಅಡಕೆ ತೋಟದ ಹೋಂ ಸ್ಟೇಯಲ್ಲಿ ಉಳಿದು ಅಘನಾಶಿನಿ ಕಣಿವೆಯನ್ನು ನೋಡಲಿ. ಈ ನದಿಗೆ ಅಣೆಕಟ್ಟಿಲ್ಲ, ಹಾಗಾಗಿ ಇದರ ಲೆಕ್ಕವೆಲ್ಲ ಮಳೆಯದು. 116 ಮೀಟರ್ ಧುಮುಕುವ ಉಂಚಳ್ಳಿಯನ್ನು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ನೋಡಿದರೆ ಮೈತುಂಬಿದ ನೀರು ಮತ್ತು ತಿಳಿಯಾದ ನೋಟ ಎರಡೂ ಸಿಗುತ್ತವೆ. ಏಪ್ರಿಲ್‌ನಲ್ಲಿ ಬಂದವರಿಗೆ ನಿರಾಸೆಯಾಗುತ್ತದೆ. ಎರಡನೆಯ ದಿನ ಯಾಣಕ್ಕೆ ಹೋಗಬಹುದು. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ದೇವಸ್ಥಾನದ ಆವರಣದಲ್ಲಿದೆ, ಅದು ಹತ್ತುವ ಬಂಡೆಯಲ್ಲ. ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದರಿಂದ ಹೊಗೆ ಮತ್ತು ಗದ್ದಲ ಎರಡನ್ನೂ ದೂರವಿಡಬೇಕು. ಚಳಿಗಾಲದಲ್ಲಿ ಕಣಿವೆಯೊಳಗೆ ಐದೂವರೆಗೆಲ್ಲ ಕತ್ತಲಾವರಿಸುತ್ತದೆ, ಆದ್ದರಿಂದ ಎಲ್ಲಿಯೇ ಇದ್ದರೂ ಮಧ್ಯಾಹ್ನ ಮೂರಕ್ಕೆ ಮರಳುವ ದಾರಿ ಹಿಡಿಯಬೇಕೆಂದು ನಮ್ಮ ತಂಡಗಳಿಗೆ ಮೊದಲೇ ತಿಳಿಸಿರುತ್ತೇನೆ. ಕಾಡಿನೊಳಗಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಅನುಮತಿಯಿಲ್ಲದೆ ‘ಒಳದಾರಿ’ ತೋರಿಸುತ್ತೇನೆನ್ನುವವರನ್ನು ನಂಬಬೇಡಿ.

ಬೇಡ್ತಿಯ ಮಾಗೋಡು, ಶರಾವತಿಯ ಜೋಗ ಎರಡೂ ಸಾಹಸಕ್ಕಿಂತ ನೋಟಕ್ಕೆ ಹೇಳಿ ಮಾಡಿಸಿದ ಜಲಪಾತಗಳು. ವಯಸ್ಸಾದವರು ಜೊತೆಗಿದ್ದರೆ ಅವೇ ಉತ್ತಮ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಕಿರು ಪ್ರವಾಸಗಳನ್ನು ಒಪ್ಪಿಕೊಳ್ಳುವುದಿಲ್ಲ. ಉಂಬಳದ (ಜಿಗಣೆಯ) ಕಾಟವನ್ನಾದರೂ ಸಹಿಸಬಹುದು, ದರೆ ಕುಸಿತವನ್ನಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆಯೇ ಜೀವಗಳು ಹೋದವು. ಒಂದು ರಸ್ತೆ ಮುಚ್ಚಿದರೆ ಬದಲಿ ದಾರಿಯಲ್ಲಿಯೇ ದಿನ ಕಳೆಯುವ ಜಿಲ್ಲೆಯಿದು, ಎರಡು ದಿನದ ಯೋಜನೆಯಲ್ಲಿ ಅದಕ್ಕೆ ಅವಕಾಶವೆಲ್ಲಿದೆ?

ಮಳೆ ಹೋದ ಮೇಲೆ ಬರುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗು (ಉಣ್ಣೆ) ಕಚ್ಚುವುದರಿಂದ ಹರಡುತ್ತದೆ, 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಇದರಿಂದ ಸಾವುಗಳೂ ಸಂಭವಿಸಿದವು. ಚಾರಣಕ್ಕೆ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರಿಸ್ಥಿತಿ ವಿಚಾರಿಸಿ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬೇಡಿ. ತುಂಬುತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕುಳಿತುಕೊಳ್ಳದೆ ನಡೆಯಿರಿ. ವಾಪಸಾದ ಕೂಡಲೇ ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು, ಮೈಯನ್ನು, ಮುಖ್ಯವಾಗಿ ಕಂಕುಳು, ಮೊಣಕಾಲ ಹಿಂಭಾಗ ಮತ್ತು ಕಿವಿಯ ಹಿಂದೆ, ಪರೀಕ್ಷಿಸಿಕೊಳ್ಳಿ. ಉಣುಗು ಕಚ್ಚಿ ಹಿಡಿದಿದ್ದರೆ ಅದನ್ನು ಹಿಸುಕದೆ, ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಜ್ವರ ಕಾಣಿಸುವುದು ಕಚ್ಚಿದ ಮೂರರಿಂದ ಎಂಟು ದಿನಗಳ ನಂತರ. ಆ ವೇಳೆಗೆ ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತೀರಿ, ಅಲ್ಲಿನ ವೈದ್ಯರಿಗೆ ಮಂಗನ ಕಾಯಿಲೆಯ ನೆನಪೇ ಬಾರದಿರಬಹುದು. ಏಕಾಏಕಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಶುರುವಾದರೆ ಸಿದ್ದಾಪುರ, ಶಿರಸಿಯ ಕಾಡಿನಲ್ಲಿ ಯಾವ ದಿನ ಓಡಾಡಿದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.